ಸೋರುವ ಕುಂಡ

ಎಲ್ಲಾದರೂ ಒಂದು ಹನಿ ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ಸಾಕು, ನಲ್ಲಿಯಣ್ಣನಿಗೆ ಬಾಯಿಗಿಟ್ಟ ತುತ್ತು ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದ ಮೇಲೇ ಕುರ್ಚಿಯಲ್ಲಿ ಕೂರುವ ಆಸಾಮಿ. ಒಮ್ಮೆ ಸಾವಾದ ಮನೆಗೆ ಮಾತಾಡಿಸಿಕೊಂಡು ಬರಲು ಹೋದವನು, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ಅಡುಗೆಮನೆಯ ಸಿಂಕಿನ ಕೆಳಗೆ ನುಗ್ಗಿ ವಾಷರು ಬದಲಾಯಿಸಿ ಬಂದಿದ್ದ. ಹೆಂಡತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಆ ಮನೆಯವರು ಮಾತ್ರ ಅತ್ತ ಕಣ್ಣಲ್ಲೇ, “ಬಾತ್‌ರೂಮಿಂದೂ ಒಂಚೂರು ನೋಡ್ತೀರಾ ಅಣ್ಣಾ?” ಅಂದಿದ್ದರು.

ಕೊಳಾಯಿ ಕೆಲಸ ಮಾಡಿ ಮಾಡಿ ಅವನ ಸ್ವಂತ ಹೆಸರು ಜನರಿಗೆ ಮರೆತೇ ಹೋಗಿತ್ತು. ಅವನ ಮಹಡಿ ಮನೆಯ ಕೆಳಗಡೆ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು ಅವನನ್ನು ನಲ್ಲಿಯಣ್ಣ ಅನ್ನುತ್ತಿದ್ದಳು. ಅವನು ಅವಳನ್ನು ಇಸ್ತ್ರಿ ಅಕ್ಕ ಅನ್ನುತ್ತಿದ್ದ. ಇಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ವಯಸ್ಸಾದದ್ದು ತನಗಲ್ಲ, ಎದುರಿನವರಿಗೆ ಅನ್ನುವ ಸಮಾಧಾನ ಇಬ್ಬರಿಗೂ ಇತ್ತು.

ಮಗಳಿಗೆ ಹೆರಿಗೆಯಾಗಿ, ಎಳೆಗೂಸನ್ನು ನೋಡಿಕೊಳ್ಳಲು ಹೆಂಡತಿ ಹೊರಟ ದಿನ ನಲ್ಲಿಯಣ್ಣ ಬ್ಯಾಗು ಹೊತ್ತು ಬಸ್‌ ನಿಲ್ದಾಣಕ್ಕೆ ಹೋದ. ಗ್ಯಾಸು ಆರಿಸಿ, ಹಾಲು ಕಾಯಿಸಿ, ಬಾಗಿಲು ಹಾಕ್ಕೊಳ್ಳಿ ಅಂತೆಲ್ಲ ಹೇಳುತ್ತಾಳೆಂದು ಕಾದಿದ್ದ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದು ಎರಡೇ ಮಾತು.

“ಗಿಡ ನೋಡ್ಕೊಳ್ಳಿ. ಮನೇಲಿ ಏನನ್ನೂ ರಿಪೇರಿ ಮಾಡ್ಬೇಡಿ.”

“ಮೇರಿ ತಾನೆ? ನಿನಗಿಂತ ಚೆನ್ನಾಗಿ ನೋಡ್ಕೋತೀನಿ, ಹೋಗು,” ಅಂದ ನಲ್ಲಿಯಣ್ಣ.

ಮೇರಿ ಎಂದರೆ ರೋಸ್‌ಮೇರಿ. ಹಿಂದಿನ ವರ್ಷ ಹೆಂಡತಿ ಕೆಟ್ಟ ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಪಕ್ಕದ ಮಂಚದಲ್ಲಿದ್ದ ಹೆಂಗಸು ದಿಂಬಿನ ಹತ್ತಿರ ಒಂದು ಗಾಜಿನ ಲೋಟದಲ್ಲಿ ಸೂಜಿಯಂಥ ಎಲೆಗಳ ಕಡ್ಡಿಗಳನ್ನು ಇಟ್ಟುಕೊಂಡು ಆಗಾಗ ಮೂಸುತ್ತಿದ್ದಳಂತೆ. ಔಷಧಿ ವಾಸನೆಗೆ ಹೊಟ್ಟೆ ತೊಳಸಿದಾಗೆಲ್ಲ ಲೋಟವನ್ನು ಇವಳ ಕಡೆಗೂ ಚಾಚುತ್ತಿದ್ದಳಂತೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಆ ಮಂಚ ಖಾಲಿ. ಮನೆಗೆ ಹೋದಳೋ, ಇನ್ನೆಲ್ಲಿಗೆ ಹೋದಳೋ, ಕೇಳಿದರೆ ಯಾರೂ ನೆಟ್ಟಗೆ ಹೇಳಲಿಲ್ಲ. ಇವಳ ಮಂಚದ ಪಕ್ಕ ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿ ಇತ್ತು. ಹೆಸರು ಕೇಳಿಟ್ಟುಕೊಳ್ಳಲಿಲ್ಲವಲ್ಲ ಎಂದು ಹೆಂಡತಿ ಇಂದಿಗೂ ಕೈಕೈ ಹಿಸುಕಿಕೊಳ್ಳುತ್ತಿದ್ದಳು.

ಮನೆಗೆ ಬಂದ ಮೇಲೆ ಬಾಚಣಿಗೆ ಇಟ್ಟರೆ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ತಲೆಗೆ ಬಟ್ಟೆ ಕಟ್ಟದೆ ಬಾಗಿಲ ಹೊರಗೆ ಕಾಲಿಡುತ್ತಿರಲಿಲ್ಲ. ಆ ದಿನಗಳಲ್ಲೇ ಯಾರ ಸಹಾಯವನ್ನೂ ಕೇಳದೆ ಆ ಕಡ್ಡಿಯನ್ನು ಬೇರು ಬರಿಸಿ, ಮಣ್ಣಿನ ಕುಂಡದಲ್ಲಿ ನೆಟ್ಟು, ಬೀದಿಯ ಕಡೆಯ ಕಿಟಕಿಯ ಕಟ್ಟೆ ಮೇಲೆ ಇಟ್ಟಳು. ಗಿಡ ದೊಡ್ಡದಾದ ಮೇಲೆ ಎಲೆ ಸುಲಿದು, ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಎಣ್ಣೆಗೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಆ ಶೀಶೆಯನ್ನು ಕೂರಿಸಿ ಕಾಯಿಸುತ್ತಿದ್ದಳು. ಎಲೆಯಲ್ಲಿ ಪಸೆ ಉಳಿದರೆ ಎಣ್ಣೆ ಕೆಡುತ್ತದೆಂದು ಒಂದೊಂದನ್ನೂ ಮುರಿದು ನೋಡುವಳು. ಎಣ್ಣೆಯಿಂದಲೋ, ಜ್ವರದ ನಂಜು ಇಳಿದದ್ದರಿಂದಲೋ, ಕೂದಲು ಮತ್ತೆ ಹುಟ್ಟಿತು. ನಲ್ಲಿಯಣ್ಣ ಮೊದಮೊದಲು ಮೂಗು ಮುರಿದವನು, ಹುರಿದ ಆಲೂಗಡ್ಡೆಗೆ ಅದೇ ಎಲೆ ಬಿದ್ದ ದಿನ ಎರಡನೇ ಸಲ ಬಡಿಸಿಕೊಂಡು ಸುಮ್ಮನಾಗಿದ್ದ. ಆ ಮನೆಯಲ್ಲಿ ಅವನ ಕೈ ತಾಗದ ವಸ್ತು ಅಂತ ಇದ್ದದ್ದು ಆ ಕುಂಡ ಒಂದೇ.

ಹೆಂಡತಿ ಹೋದ ಮರುದಿನ ಬೆಳಗ್ಗೆ ಒಂದು ಚೊಂಬು ತುಂಬ ನೀರು ತಂದು ಕುಂಡಕ್ಕೆ ಸುರಿದ. ನೋಡಿಕೊಳ್ಳುವುದೆಂದರೆ ಮತ್ತೇನು? ತಿರುಗಿ ಒಳಗೆ ಬರುವಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು.

“ಏ ನಲ್ಲಿಯಣ್ಣಾ! ನಿಮ್ಮನೆ ಸೋರ್ತಿದೆ ಕಣ್ರೀ!”

ಕಿಟಕಿಗೆ ಓಡಿದ. ಬಗ್ಗಿ ನೋಡಿದರೆ ಇಸ್ತ್ರಿ ಅಕ್ಕ ಒಂದು ಬಿಳಿ ಅಂಗಿಯನ್ನು ಎತ್ತಿ ಹಿಡಿದಿದ್ದಳು. ಹೆಗಲ ಮೇಲೆ ಟೀ ಚೆಲ್ಲಿದಂಥ ಕಂದು ಕಲೆ.

“ಊರವರ ಮನೆ ಸೋರೋದು ನಿಲ್ಲಿಸೋರು ನೀವು. ನಿಮ್ಮನೇದು ನಿಲ್ಸೋಕೆ ಯಾರನ್ನ ಕರೀಲಿ?”

ಅಂಗಡಿಯಲ್ಲಿ ಬಟ್ಟೆಗೆ ಕಾದು ನಿಂತಿದ್ದವರೆಲ್ಲ ನಕ್ಕರು. ನಲ್ಲಿಯಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. ಕುಂಡ ಎತ್ತಿ ಅಡಿ ನೋಡಿದ. ನಡುವೆ ಬೆರಳು ತೂರುವಷ್ಟು ತೂತು. ಇಷ್ಟು ದಿನ ಈ ಒಡಕು ಕುಂಡದಲ್ಲಿ ಇವಳು ಹೇಗೆ ಸಂಸಾರ ಮಾಡಿದಳಪ್ಪ ಅಂದುಕೊಂಡ. ಪೈಪಿನ ಬಿರುಕಿಗೆ ಹಚ್ಚುವ ಸೀಲಿನ ಮುದ್ದೆ ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಕಲಸಿ, ಮೆತ್ತಿ, ಹೆಬ್ಬೆರಳನ್ನು ನೀರಲ್ಲಿ ಅದ್ದಿ ನುಣ್ಣಗೆ ಸವರಿದ. ಇನ್ನೊಂದು ಚೊಂಬು ನೀರು ಸುರಿದು ಪರೀಕ್ಷೆ ಮಾಡಿದ. ಒಂದು ತೊಟ್ಟೂ ಇಳಿಯಲಿಲ್ಲ. ರಿಪೇರಿ ಮಾಡಬೇಡಿ ಅಂದದ್ದು ಅವನಿಗೆ ನೆನಪಾಗದೆ ಇರಲಿಲ್ಲ. ಆದರೆ ಇದು ರಿಪೇರಿ ಅಲ್ಲ, ಮರ್ಯಾದೆಯ ಪ್ರಶ್ನೆ ಎಂದು ತನಗೆ ತಾನೇ ಹೇಳಿಕೊಂಡ.

ಆಮೇಲೆ ದಿನವೂ ಬೆಳಗ್ಗೆ ಒಂದು ಚೊಂಬು ನೀರು. ಸ್ವಲ್ಪ ದಿನ ಎಲ್ಲ ಸರಿಯಾಗೇ ಇತ್ತು. ಆಮೇಲೆ ಕೆಳಗಿನ ಎಲೆಗಳ ಬಣ್ಣ ಇಳಿಯತೊಡಗಿತು. ಬಾಯಾರಿಕೆ ಇರಬೇಕೆಂದು ಸಂಜೆಗೂ ಒಂದು ಚೊಂಬು ಸೇರಿಸಿದ. ಎಲೆ ಮುಟ್ಟಿದರೆ ಉದುರತೊಡಗಿತು. ಮೊದಲು ಕೈ ಸವರಿದರೆ ಮನೆಯೆಲ್ಲ ಘಮ್ಮೆನ್ನುತ್ತಿದ್ದ ಗಿಡದಿಂದ ಈಗ ಕಟ್ಟಿಕೊಂಡ ಮೋರಿಯಂಥ ವಾಸನೆ. ಆ ವಾಸನೆ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅದು ಕುಂಡದಿಂದ ಬರುತ್ತಿದೆ ಎಂದು ತಲೆಗೆ ಹೊಳೆಯಲಿಲ್ಲ. ಬಚ್ಚಲ ಪೈಪನ್ನೆಲ್ಲ ಬಿಚ್ಚಿ ತೊಳೆದು ಜೋಡಿಸಿದ.

ಅಲ್ಲಿಂದ ಶುರುವಾಯಿತು ಚಡಪಡಿಕೆ. ಕೆಲಸಕ್ಕೆ ಹೋದ ಮನೆಯಲ್ಲಿ ಪೈಪು ತಿರುಗಿಸುವ ಪಾನೆಯನ್ನು ಮರೆತು ಬಂದು ಮತ್ತೆ ಅಲ್ಲಿಗೇ ಓಡಿದ. ಬಿಸಿನೀರಿನ ನಲ್ಲಿಗೆ ತಣ್ಣೀರಿನ ಪೈಪು ಕೂಡಿಸಿ ಬೈಸಿಕೊಂಡ. ಊಟಕ್ಕೆ ಕೂತರೆ ನಡುವೆ ಎದ್ದು ಹೋಗಿ ಕಿಟಕಿ ನೋಡುವನು. ಗಿಡವನ್ನು ಬಿಸಿಲಿಗೆ ಇಟ್ಟ, ನೆರಳಿಗೆ ಇಟ್ಟ, ಮತ್ತೆ ಬಿಸಿಲಿಗೆ ಇಟ್ಟ. ಸಂಜೆ ಹೆಂಡತಿಯ ಫೋನು ಬಂದರೆ ಗಿಡಕ್ಕೆ ಬೆನ್ನು ಮಾಡಿ ನಿಂತು ಎತ್ತುತ್ತಿದ್ದ.

“ಮಗು ಹೇಗಿದೆ?” ಅಂತ ಇವನೇ ಮೊದಲು ಬಾಯಿ ಹಾಕುವನು.

“ಚೆನ್ನಾಗಿದೆ. ಮೇರಿ ಹೇಗಿದಾಳೆ?”

“ಅವಳಿಗೇನು ಧಾಡಿ? ಗುಂಡುಕಲ್ಲಿನ ಹಾಗಿದಾಳೆ.”

ಫೋನು ಇಟ್ಟು ಕಿಟಕಿಗೆ ಹೋಗಿ, “ಮೇರಿ, ಹೀಗೆ ಮಾಡ್ಬೇಡ ಕಣೆ. ಅವಳು ಬರೋವರೆಗಾದ್ರೂ ತಡ್ಕೊ. ಅವಳಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು,” ಎಂದು ಗೋಗರೆದ.

ಕೆಳಗೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಇಸ್ತ್ರಿ ಅಕ್ಕ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲಿ ನಿಂತಿದ್ದಳು.

“ಯಾರಣ್ಣಾ ಅದು ಮೇರಿ? ಹೆಂಡ್ತಿ ಅತ್ತ ಹೋಗಿದ್ದೇ ತಡ?”

ನಲ್ಲಿಯಣ್ಣ ಕಿಟಕಿಯ ಕಡೆ ಕೈ ತೋರಿಸಿದ. ಅವಳು ಹತ್ತಿರ ಹೋಗಿ, ಬೆರಳಿನಿಂದ ಮಣ್ಣು ಒತ್ತಿದಳು. ಬೆರಳು ಕೆಸರಲ್ಲಿ ಇಳಿದಂತೆ ಇಳಿಯಿತು.

“ಅಯ್ಯೋ, ಇದೇನು ಗದ್ದೆ ಮಾಡಿದೀರಾ? ನನ್ನ ಕೇಳ್ಬೇಡಿ, ನನಗೆ ಗಿಡ ಗೊತ್ತಿಲ್ಲ. ನರ್ಸರಿಗೆ ಹೋಗಿ.”

ನರ್ಸರಿಯಲ್ಲಿ ಗಿಡ ಮಾರುವ ಹೆಂಗಸು ಬಗ್ಗಿಕೊಂಡು ಸಸಿಗಳಿಗೆ ಗೊಬ್ಬರ ಹಾಕುತ್ತಿದ್ದಳು. ತಲೆ ಎತ್ತದೆಯೇ ಎಲ್ಲ ಕೇಳಿಸಿಕೊಂಡಳು.

“ದಿನಾ ನೀರು ಹಾಕಿದ್ರಾ?”

“ಎರಡು ಹೊತ್ತೂ,” ಅಂದ ನಲ್ಲಿಯಣ್ಣ, ಶಹಭಾಸ್‌ಗಿರಿ ಸಿಗಬಹುದೆಂದು.

“ಅದು ಒಣ ಜಾಗದ ಗಿಡ ಸ್ವಾಮಿ. ಮೇಲಿನ ಮಣ್ಣು ಚೆನ್ನಾಗಿ ಒಣಗಿದ ಮೇಲೇನೇ ನೀರು. ಹೋಗ್ಲಿ, ಹೆಚ್ಚಾದ ನೀರು ಇಳಿದುಹೋಗತ್ತಲ್ಲ. ಕುಂಡದಲ್ಲಿ ತೂತು ಇದೆ ತಾನೆ?”

ನಲ್ಲಿಯಣ್ಣನ ಕೈ ಜೇಬಿನಲ್ಲಿದ್ದ ಸೀಲಿನ ಮುದ್ದೆಯ ಮೇಲೆ ಹೋಯಿತು.

“ಇತ್ತು.”

ಹೆಂಗಸು ಈಗ ತಲೆ ಎತ್ತಿದಳು. “ಇತ್ತು ಅಂದ್ರೆ? ತೂತು ಎಲ್ಲಿಗೆ ಹೋಗತ್ತೆ?”

“ಸೋರ್ತಿತ್ತು. ಮುಚ್ಚಿದೆ.”

ಅವಳು ಗೊಬ್ಬರದ ಕೈಯಲ್ಲೇ ಹಣೆ ಚಚ್ಚಿಕೊಂಡಳು. ನಗಬೇಕೋ ಬಯ್ಯಬೇಕೋ ಅವಳಿಗೇ ತಿಳಿಯಲಿಲ್ಲ. ಕೊನೆಗೆ, ಬೇರು ಕೊಳೆತಿದ್ದರೂ ತುದಿ ಹಸಿರಾಗಿದ್ದರೆ ಆಸೆ ಇದೆ ಎಂದಳು. ಎಳೆಯ ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆ ಸುಲಿದು, ತೂತು ಮಾಡಿದ ಲೋಟದಲ್ಲಿ ಮರಳು ಹಾಕಿ ಚುಚ್ಚಬೇಕು. ಮೇಲೆ ಕತ್ತರಿಸಿದ ಬಾಟಲಿ ಕವುಚಬೇಕು. “ಆಮೇಲೆ ಮುಟ್ಟಬಾರದು. ಬೇರು ಬಂತಾ ಅಂತ ಕಿತ್ತು ನೋಡೋದು, ಅಲ್ಲಾಡಿಸೋದು, ಏನೂ ಬೇಡ. ಎಷ್ಟು ದಿನ ಹಿಡಿಯತ್ತೋ ಅಷ್ಟು ದಿನ ಸುಮ್ನಿರಬೇಕು. ಇರ್ತೀರಾ?”

“ಇರ್ತೀನಿ,” ಅಂದ. ಹೇಳುವಾಗಲೇ ಬೆರಳುಗಳು ಅವಳ ನೀರಿನ ಪೈಪಿನ ಸಡಿಲ ಕ್ಲಿಪ್ಪನ್ನು ಬಿಗಿ ಮಾಡುತ್ತಿದ್ದವು.

ಹೊರಡುವಾಗ ಅವನ ಕಣ್ಣಿಗೆ ಸಾಲಾಗಿ ಜೋಡಿಸಿದ್ದ ರೋಸ್‌ಮೇರಿ ಗಿಡಗಳು ಬಿದ್ದವು. ದಷ್ಟಪುಷ್ಟವಾಗಿದ್ದವು. ಒಂದನ್ನು ಎತ್ತಿಕೊಂಡು ಬಂದು, ಹಳೆಯದರಂಥದೇ ಕುಂಡದಲ್ಲಿ ಕೂರಿಸಿ ಕಿಟಕಿಯಲ್ಲಿಟ್ಟ. ಹಳೆ ಗಿಡವನ್ನು ಕಿತ್ತರೆ ಬೇರೆಲ್ಲ ಕಪ್ಪಾಗಿ, ನೆನೆದ ದಾರದ ಹಾಗೆ ಕೈಗೇ ಬಂತು. ಹಸಿರು ಉಳಿದಿದ್ದದ್ದು ನಾಲ್ಕೇ ತುದಿಗಳಲ್ಲಿ. ನಾಲ್ಕು ಲೋಟ ಮಾಡಿ ಬಚ್ಚಲ ಕಿಟಕಿಯಲ್ಲಿ ಸಾಲಾಗಿ ಇಟ್ಟ. ಖಾಲಿ ಕುಂಡವನ್ನು ಅಟ್ಟಕ್ಕೆ ಹಾಕಿದ.

ಅವತ್ತು ಹೆಂಡತಿ ವಿಡಿಯೋ ಕರೆ ಮಾಡಿ, “ಗಿಡ ತೋರ್ಸಿ ನೋಡೋಣ,” ಅಂದಳು. ನಲ್ಲಿಯಣ್ಣ ಫೋನನ್ನು ಹೊಸ ಗಿಡದ ಮುಂದೆ ಹಿಡಿದ. ಅವಳು ಪರದೆಗೆ ಕಣ್ಣು ಹತ್ತಿರ ತಂದಳು.

“ಚೆನ್ನಾಗಿದೆ,” ಅಂದಳು ಆಮೇಲೆ.

ಅಲ್ಲಿಗೆ ಹೆದರಿಕೆ ತೀರಬೇಕಿತ್ತು. ತೀರಲಿಲ್ಲ. ಕಿಟಕಿಯಲ್ಲಿ ನಿಂತ ಗಿಡ ಯಾರದೋ ಮನೆಯ ಹುಡುಗಿಯ ಹಾಗೆ ತನ್ನನ್ನೇ ದುರುಗುಟ್ಟಿ ನೋಡುತ್ತಿದೆ ಅನ್ನಿಸುತ್ತಿತ್ತು. ಆ ಪಕ್ಕದ ಮಂಚದವಳು ಕೊಟ್ಟದ್ದು ಈ ಲೋಕದಲ್ಲಿ ಇನ್ನು ನಾಲ್ಕು ಲೋಟಗಳಲ್ಲಿ ಮಾತ್ರ ಇದೆ, ಆ ನಾಲ್ಕೂ ತನ್ನ ಕೈಯಲ್ಲಿವೆ ಎಂದು ನೆನಪಾದಾಗಲೆಲ್ಲ ಬಚ್ಚಲಿಗೆ ಹೋಗಿ ಎಣಿಸಿ ಬರುತ್ತಿದ್ದ. ಹಲ್ಲುಜ್ಜುತ್ತಾ ಲೋಟ ನೋಡಿದ, ಮುಖ ತೊಳೆಯುತ್ತಾ ನೋಡಿದ. ಮರಳಿನೊಳಗೆ ಏನು ನಡೆಯುತ್ತಿದೆಯೋ! ಗೋಡೆಯೊಳಗಿನ ಪೈಪಾದರೆ ಕಿವಿಗೊಟ್ಟು ಕೇಳಬಹುದು, ತಟ್ಟಿ ನೋಡಬಹುದು. ತಡೆಯಲಾಗದೆ ಒಂದನ್ನು ಮೆತ್ತಗೆ ಎಳೆದ. ಸಲೀಸಾಗಿ ಬಂತು, ಬೇರಿಲ್ಲ. ಮತ್ತೆ ಚುಚ್ಚಿದ, ಅದು ಬಾಡಿತು. ಇನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿಕೊಂಡು ಎರಡನೆಯದನ್ನು ಎಳೆದ. ಮೂರನೆಯದಕ್ಕೆ ಆಣೆಯನ್ನೂ ಹಾಕಿಕೊಳ್ಳಲಿಲ್ಲ. ಅದರ ತುದಿಯಲ್ಲಿ ಬಿಳಿಯ ಗಂಟೊಂದು ಆಗಷ್ಟೇ ಊದಿಕೊಂಡಿತ್ತು. ಅವನ ಬೆರಳಿನಲ್ಲೇ ಅದು ಮುರಿಯಿತು.

ನಲ್ಲಿಯಣ್ಣ ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕೂತ. ತನ್ನ ಎರಡು ಕೈಗಳನ್ನು ಮುಂದೆ ಚಾಚಿ, ಯಾರದೋ ಕೈ ನೋಡುವ ಹಾಗೆ ನೋಡಿದ. ಎದ್ದವನು ಉಳಿದೊಂದು ಲೋಟವನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದ.

“ಅಕ್ಕಾ, ಇದನ್ನ ಎಲ್ಲಾದ್ರೂ ಬೆಳಕಿರೋ ಕಡೆ ಇಡಿ. ನನ್ನ ಕೈಗೆ ಸಿಗಬಾರದು.”

“ಯಾಕೆ, ಕಚ್ಚತ್ತಾ?”

“ಅದಲ್ಲ. ನಾನೇ ಕಚ್ತೀನಿ.”

ಇಸ್ತ್ರಿ ಅಕ್ಕ ಅವನ ಮುಖ ನೋಡಿ ತಮಾಷೆ ನಿಲ್ಲಿಸಿದಳು. ಲೋಟವನ್ನು ಒಳಗಿನ ಕಿಟಕಿಯಲ್ಲಿಟ್ಟು, ಅಡ್ಡಕ್ಕೆ ಮೇಜು ಎಳೆದು, ಇಸ್ತ್ರಿಪೆಟ್ಟಿಗೆಯನ್ನು ಕಾವಲಿಗೆ ಕೂರಿಸಿದಳು. ಆಮೇಲೆ ನಲ್ಲಿಯಣ್ಣ ಏನಾದರೊಂದು ನೆಪ ತೆಗೆದು ಕೆಳಗಿಳಿಯುವನು. ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಇಸ್ತ್ರಿಗೆ ತಂದ. “ಇದು ನಿನ್ನೆ ಮಾಡಿಕೊಟ್ಟಿದ್ದು. ಮೇಲೆ ಹೋಗಿ,” ಅನ್ನುವಳು. ಹೋಗುವನು. ಬಾಗಿಲ ತನಕ ಹೋಗಿ ತಿರುಗಿ, “ಬದುಕಿದೆಯಾ?” ಅನ್ನುವನು. “ನನಗೇನು ಗೊತ್ತು? ನಾನು ನೋಡ್ತೀನಿ ಅಷ್ಟೆ. ಅದು ನನ್ನ ನೋಡತ್ತೆ,” ಅನ್ನುವಳು ಅವಳು.

ಹೆಂಡತಿ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಳು. ಅಳಿಯನ ತಾಯಿ ಬಂದರೆಂದು ಬೆಳಗಿನ ಬಸ್ಸಿಗೇ ಹೊರಟಿದ್ದಳು. ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು, ಚಪ್ಪಲಿ ಕಳಚಿ, ನೆಟ್ಟಗೆ ಕಿಟಕಿಗೆ ಹೋದಳು.

“ಇವಳು ಯಾರ್ರೀ?”

“ಮೇರಿ,” ಅಂದ.

“ಮೇರಿ ಎಡಕ್ಕೆ ವಾಲ್ಕೊಂಡಿರ್ತಾಳೆ. ಇವಳು ಕವಾಯತಿಗೆ ನಿಂತ ಹಾಗೆ ನಿಂತಿದಾಳೆ. ಫೋನಲ್ಲೇ ಗೊತ್ತಾಯ್ತು ನಂಗೆ. ನೀವಾಗೇ ಹೇಳ್ತೀರೇನೋ ಅಂತ ಕಾದೆ.”

ನಲ್ಲಿಯಣ್ಣ ಅಟ್ಟದಿಂದ ಹಳೆ ಕುಂಡ ಇಳಿಸಿ ಅವಳ ಮುಂದಿಟ್ಟ. ಅವಳು ಅದನ್ನು ಮಗುಚಿ, ಅಡಿಯಲ್ಲಿ ಕೈಯಾಡಿಸಿದಳು. ನುಣುಪಾಗಿ ಸವರಿದ ಸೀಲು, ನಡುವೆ ಹೆಬ್ಬೆರಳ ಗುರುತು. ಯಾರ ಕೈಕೆಲಸ ಎಂದು ಕೇಳುವ ಅಗತ್ಯವೇ ಇರಲಿಲ್ಲ.

“ಸೋರ್ತಿತ್ತು,” ಅಂದ ನಲ್ಲಿಯಣ್ಣ. “ಅಕ್ಕನ ಬಟ್ಟೆ ಮೇಲೆ…”

“ಕುಂಡನ ಬಚ್ಚಲಿಗೆ ಒಯ್ದು ನೀರು ಹಾಕಿ, ಎಲ್ಲ ಸೋರಿದ ಮೇಲೆ ಕಿಟಕಿಗೆ ತರ್ತಿದ್ದೆ. ಒಂದು ದಿನಾನೂ ನೋಡಿಲ್ವಾ ನೀವು?” ಅವಳು ಕುರ್ಚಿಯಲ್ಲಿ ಕೂತಳು. “ನೋಡ್ಕೊಳ್ಳಿ ಅಂತ ತಾನೆ ಹೇಳಿದ್ದು? ಹೊರಡೋ ಮುಂಚೆ ನೀರು ಹಾಕೇ ಹೋಗಿದ್ದೆ. ಮಣ್ಣು ಒಣಗೋವರೆಗೂ ಬರೀ ನೋಡಿದ್ರೆ ಸಾಕಾಗಿತ್ತು. ಕಣ್ಣಲ್ಲಿ.”

“ನೋಡ್ಕೊಳ್ಳೋದು ಅಂದ್ರೆ ಏನಾದ್ರೂ ಮಾಡ್ಬೇಕಲ್ಲ…”

“ಆಸ್ಪತ್ರೇಲೂ ಹೀಗೇ ಮಾಡಿದ್ರಿ.” ಅವಳ ದನಿ ಏರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. “ಬಂದ ದಿನದಿಂದ ಆ ವಾರ್ಡಿನ ನಲ್ಲಿ, ಫ್ಲಶ್ಶು, ನೀರಿನ ಟ್ಯಾಂಕು. ನರ್ಸುಗಳೆಲ್ಲ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ನನ್ನ ಪಕ್ಕ ಎಷ್ಟು ಹೊತ್ತು ಕೂತಿದ್ರಿ ನೀವು? ನೋಡ್ಕೊಂಡಿದ್ದು ಪಕ್ಕದ ಮಂಚದೋಳು. ಅವಳು ಏನು ಮಾಡಿದ್ಲು? ಏನೂ ಮಾಡ್ಲಿಲ್ಲ. ನನ್ನ ಕಡೆ ತಿರುಗಿ ಮಲಗಿರ್ತಿದ್ಲು ಅಷ್ಟೆ.”

ಆಸ್ಪತ್ರೆಯ ಆ ದಿನಗಳಲ್ಲಿ ಮಂಚದ ಪಕ್ಕದ ಸ್ಟೂಲು ಅವನಿಗೆ ಕಾದ ಹೆಂಚಾಗಿತ್ತು. ಅವಳ ಮುಖ ನೋಡಿದರೆ ಎದೆ ಹಿಂಡುತ್ತಿತ್ತು. ಸರಿಪಡಿಸಲು ಬರದ ವಸ್ತುವಿನ ಎದುರು ಹೇಗೆ ಕೂರುವುದು? ಅದಕ್ಕೇ ಎದ್ದು ಎದ್ದು ಹೋಗುತ್ತಿದ್ದ. ಈಗಲೂ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿ, ತಿರುಗಿ ನಿಂತ.

“ಒಂದು ಉಳಿದಿದೆ,” ಅಂದ. “ನನ್ನ ಹತ್ರ ಇಲ್ಲ. ಅದಕ್ಕೇ ಉಳಿದಿದೆ ಅನ್ಸತ್ತೆ.”

ಕೆಳಗೆ ಇಸ್ತ್ರಿ ಅಕ್ಕ ಮೇಜು ಸರಿಸಿ, ನಲ್ಲಿಯಣ್ಣನ ಕಡೆ ಬೆರಳು ತೋರಿಸಿ, “ನೀವು ಹೊಸ್ತಿಲ ಆಚೆ ನಿಂತ್ಕೊಳ್ಳಿ,” ಅಂದಳು. ಅವನು ನಿಂತ. ಹೆಂಡತಿ ಲೋಟದ ಮೇಲೆ ಕವುಚಿದ್ದ ಬಾಟಲಿ ಎತ್ತಿದಳು. ಕಡ್ಡಿಯ ತುದಿಯಲ್ಲಿ ತಿಳಿಹಸಿರಿನ ಎರಡು ಹೊಸ ಎಲೆ, ಸೂಜಿಮೊನೆಯಷ್ಟು. ಎರಡು ಬೆರಳಲ್ಲಿ ಹಿಡಿದು, ಮಗುವಿನ ಕೂದಲು ಹಿಡಿದಂತೆ, ಒಂದಿಷ್ಟೇ ಎಳೆದಳು. ಹೊಸ್ತಿಲಾಚೆ ನಲ್ಲಿಯಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿದ.

ಕಡ್ಡಿ ಬರಲಿಲ್ಲ. ಒಳಗಿನಿಂದ ಹಿಡಿದುಕೊಂಡಿತ್ತು.

“ಕಚ್ಕೊಂಡಿದೆ,” ಅಂದಳು ಹೆಂಡತಿ. ಲೋಟವನ್ನು ಮೂಗಿನ ಹತ್ತಿರ ಒಯ್ದು ಮೂಸಿ, ಮುಖವನ್ನು ಅತ್ತ ತಿರುಗಿಸಿಕೊಂಡಳು. ಇಸ್ತ್ರಿ ಅಕ್ಕ ಆಗ ತಾನೇ ಮಡಚಿದ ಯಾರದೋ ಕರವಸ್ತ್ರವನ್ನು ಅವಳ ಕೈಗೆ ಕೊಟ್ಟಳು. “ಒರೆಸ್ಕೊಳ್ಳಿ, ಮತ್ತೆ ಇಸ್ತ್ರಿ ಹಾಕಿದ್ರಾಯ್ತು.”

ಮೇಲೆ ಬಂದ ಮೇಲೆ ಹೆಂಡತಿ ಕುಂಡವನ್ನು ಗಂಡನ ಕಡೆ ನೂಕಿದಳು. “ತೆಗೀರಿ ಆ ಸೀಲು.”

ಅವನು ಡ್ರಿಲ್ಲು ತಂದ. ಮುಚ್ಚುವ ಕೆಲಸ ಬಿಟ್ಟು ಬೇಕೆಂದೇ ಸೋರುವಂತೆ ಮಾಡಿದ್ದು ಅವನ ಬದುಕಿನಲ್ಲಿ ಅದೇ ಮೊದಲು. ತೂತು ಸ್ವಲ್ಪ ಸೊಟ್ಟಗಾಯಿತು. ಅವಳು ಅದನ್ನು ಬಿಸಿನೀರಲ್ಲಿ ತಿಕ್ಕಿ, ಮಣ್ಣಿಗೆ ಮರಳು ಬೆರೆಸಿ, ಕಡ್ಡಿಯನ್ನು ಊರಿ, ಬಚ್ಚಲಲ್ಲಿ ಬಕೆಟ್ಟಿನ ಬಾಯಿಗೆ ಮರದ ಪಟ್ಟಿಗಳನ್ನು ಅಡ್ಡ ಇಟ್ಟು ಅದರ ಮೇಲೆ ಕೂರಿಸಿ ನೀರು ಹಾಕಿದಳು. ಹೊಸ ಗಿಡವನ್ನು ಬಿಸಾಕಲೇ ಎಂದು ಅವನು ಕೇಳಿದಾಗ, “ಯಾಕೆ, ಅವಳೇನು ತಪ್ಪು ಮಾಡಿದಾಳೆ ಪಾಪ? ಆಲೂಗಡ್ಡೆಗೆ ಇರ್ಲಿ,” ಅಂದಳು.

ಆಮೇಲೆ ಎಣ್ಣೆಯ ಶೀಶೆ ತಂದು ಕಿಟಕಿಯ ಬಳಿ ಕೂತು ತಲೆಯ ಬಟ್ಟೆ ಬಿಚ್ಚಿದಳು. ಬಸ್ಸಿನಲ್ಲಿ ಈಗಲೂ ಕಟ್ಟಿಕೊಂಡೇ ಬಂದಿದ್ದಳು. ನಲ್ಲಿಯಣ್ಣ ಎದುರಿನ ಸ್ಟೂಲಿನ ಮೇಲೆ ಕೂತ. ಕೂದಲು ಹೆಗಲಿಗೆ ಬಂದಿತ್ತು. ಯಾವಾಗ ಇಷ್ಟು ಬೆಳೆಯಿತೋ, ಅವನಿಗೆ ಗೊತ್ತೇ ಆಗಿರಲಿಲ್ಲ. ಎಣ್ಣೆಯ ಘಮ ಹಬ್ಬಿತು.

ಬಚ್ಚಲಲ್ಲಿ ತೊಟ್ಟಿಕ್ಕತೊಡಗಿತು. ತೊಟ್. ಸ್ವಲ್ಪ ತಡೆದು, ತೊಟ್.

ಅವನು ಅರ್ಧ ಎದ್ದ. ಕೈ ತಾನಾಗಿ ಜೇಬಿಗೆ ಹೋಗಿತ್ತು.

“ರೀ.”

“ಸೋರ್ತಿದೆ ಕಣೆ.”

“ಸೋರ್ಲಿ. ಕೂತ್ಕೊಳ್ಳಿ.”

ಕೂತ. ಜೇಬಿನಿಂದ ಕೈ ತೆಗೆದು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡ. ಅವಳು ಎಣ್ಣೆ ತಿಕ್ಕುತ್ತಿರುವುದನ್ನು ನೋಡತೊಡಗಿದ. ತೊಟ್. ಹಣೆಯಲ್ಲಿ ಬೆವರು ಮೂಡಿತು. ಒರೆಸಿಕೊಳ್ಳಲಿಲ್ಲ. ತೊಟ್. ಮೊಣಕಾಲು ಮಾತ್ರ ಅವನ ಮಾತು ಕೇಳದೆ ಕುಣಿಯುತ್ತಲೇ ಇತ್ತು. ಸ್ಟೂಲಿನ ಕಾಲು ನೆಲಕ್ಕೆ ತಾಗಿ ಟಕಟಕ ಎನ್ನುತ್ತಿತ್ತು. ಅವಳಿಗೆ ಅದು ಕೇಳಿಸಿದರೂ ಕೇಳಿಸದವಳ ಹಾಗೆ, ಅವನ ಕಡೆ ತಿರುಗಿ ಕೂತು ಬಾಚಿಕೊಳ್ಳುತ್ತಿದ್ದಳು.